ಕಡಲಾಚೆಗೆ ಒಯ್ದ ಬುತ್ತಿ

ಶ್ರಾವಣ ಕಳೆದು ಭಾದ್ರಪದ ಕಾಲಿಡುವ ದಿನಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣದ ಹೊರಬಾಗಿಲ ಮುಂದೆ ನಡುರಾತ್ರಿಯಲ್ಲೂ ಜನ ಕಿಕ್ಕಿರಿದಿರುತ್ತಾರೆ. ಪರದೇಶದ ವಿಶ್ವವಿದ್ಯಾಲಯಗಳಲ್ಲಿ ತರಗತಿಗಳು ಆರಂಭವಾಗುವ ಕಾಲವದು. ಮೊದಲ ಬಾರಿಗೆ, ಅದೂ ಒಬ್ಬಂಟಿಯಾಗಿ, ದೇಶ ಬಿಟ್ಟು ಹೊರಟ ಮಗನನ್ನೋ ಮಗಳನ್ನೋ ಬೀಳ್ಕೊಡಲು ಇಡೀ ಮನೆಯೇ ಬಂದು ನಿಂತಿರುತ್ತದೆ. 23 ಕಿಲೋ ಮೀರಿದ ಪೆಟ್ಟಿಗೆಯನ್ನು ನೆಲದ ಮೇಲೆಯೇ ಬಿಚ್ಚಿಟ್ಟುಕೊಂಡು, ಹೊದಿಕೆಯನ್ನು ಹೊರತೆಗೆಯುವುದೋ ಚಟ್ನಿಪುಡಿಯ ಪೊಟ್ಟಣವನ್ನೋ ಎಂದು ತಾಯಿ ನಿರ್ಧರಿಸಲಾರದೆ ಕುಳಿತಿರುತ್ತಾಳೆ. ಪಾಸ್‌ಪೋರ್ಟ್ ಎಲ್ಲಿದೆ ಎಂದು ತಂದೆ ನಾಲ್ಕನೆಯ ಬಾರಿ ಕೇಳುತ್ತಾನೆ. ಹೊರಟವರ ಮುಖದಲ್ಲಿ ಮಾತ್ರ ಎರಡು ಭಾವಗಳು ಒಂದರ ಮೇಲೊಂದು ಹಾಯುತ್ತಿರುತ್ತವೆ: ಒಂದು ಅಳುಕು, ಇನ್ನೊಂದು ಉತ್ಸಾಹ.

ಜೈನ ಮನೆತನವಾದರೆ ಈ ಗಳಿಗೆಗೆ ಇನ್ನೂ ಒಂದು ಎಳೆ ಸೇರಿಕೊಳ್ಳುತ್ತದೆ. ಗಡ್ಡೆಗೆಣಸು ಮುಟ್ಟದ, ಸೂರ್ಯಾಸ್ತದ ಬಳಿಕ ಉಣ್ಣದ ಮನೆಯ ಮಗು ಅಲ್ಲಿ ಏನನ್ನು ಉಂಡೀತು, ಯಾವ ಹೊತ್ತಿಗೆ ಉಂಡೀತು ಎಂಬ ಚಿಂತೆಯದು. ಜೊತೆಗೆ ದಶಲಕ್ಷಣ ಪರ್ವ ಹತ್ತಿರದಲ್ಲಿದೆ. ಊರಿನ ಬಸದಿಯಲ್ಲಿ ಉತ್ತಮ ಕ್ಷಮೆಯ ಪೂಜೆ ನಡೆಯುವ ದಿನ ಆ ಮಗು ಯಾವುದೋ ಊರಿನ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿರುತ್ತದೆ.

ಅಳುಕು ಕೆಟ್ಟದ್ದು, ಅದನ್ನು ಮೆಟ್ಟಬೇಕು. ಉತ್ಸಾಹ ಒಳ್ಳೆಯದು, ಅದನ್ನು ಬೆಳೆಸಬೇಕು ಎಂಬುದು ಲೋಕರೂಢಿಯ ಮಾತು. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಇವೆರಡನ್ನೂ ಹಾಗೆ ಬೇರ್ಪಡಿಸುವುದಿಲ್ಲ ಎಂಬುದು ಗಮನಿಸತಕ್ಕ ಸಂಗತಿ. ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕಾಗಿ ವಿಂಗಡಿಸಿರುವ ಆಚಾರ್ಯರು, ಆರ್ತಧ್ಯಾನದಲ್ಲಿ ಮತ್ತೆ ನಾಲ್ಕು ಬಗೆಗಳನ್ನು ಹೇಳುತ್ತಾರೆ. ಬೇಡದ್ದು ಬಂದೊದಗಿದಾಗ ಅದು ತೊಲಗಲೆಂದು ಕೊರಗುವುದು ಒಂದು. ಪ್ರಿಯವಾದದ್ದು ಅಗಲಿದಾಗ ಅದಕ್ಕಾಗಿ ಹಂಬಲಿಸುವುದು ಇನ್ನೊಂದು. ನೋವಿನಲ್ಲಿಯೇ ಮನಸ್ಸು ನೆಟ್ಟುಹೋಗುವುದು ಮೂರನೆಯದು. ಮುಂದೆ ದೊರೆಯಬಹುದಾದ ಭೋಗಗಳನ್ನು ನೆನೆದು ನೆನೆದು ಅವುಗಳಿಗಾಗಿ ತವಕಿಸುವ ನಿದಾನವು ನಾಲ್ಕನೆಯದು. ಹೊರಡುವ ಹಿಂದಿನ ರಾತ್ರಿ ನಿದ್ದೆ ಬಾರದೆ ಹೊರಳಾಡುವವರ ಮನಸ್ಸನ್ನು ಬಿಡಿಸಿ ನೋಡಿದರೆ ಇವುಗಳಲ್ಲಿ ಮೂರಾದರೂ ಅಲ್ಲಿ ಕಂಡಾವು. ಅಮ್ಮನನ್ನು ಬಿಟ್ಟಿರುವುದು ಹೇಗೆಂಬುದು ಇಷ್ಟವಿಯೋಗ. ಅಲ್ಲಿನ ಅಧಿಕಾರಿ ಏನನ್ನು ಕೇಳುವನೋ ಎಂಬುದು ಅನಿಷ್ಟ ಸಂಯೋಗದ ಭಯ. ಹಿಮ ಬೀಳುವುದನ್ನು ನೋಡಬೇಕು, ಯಾರ ಹಂಗೂ ಇಲ್ಲದೆ ಬದುಕಬೇಕು ಎಂಬುದು ನಿದಾನದ ಎಳೆ. ಭಯವೂ ಬಯಕೆಯೂ ಒಂದೇ ಮನೆಯ ಮಕ್ಕಳು. ಇನ್ನೂ ಬಾರದಿರುವ ನಾಳೆಯೇ ಎರಡಕ್ಕೂ ಆಹಾರ.

ಇದನ್ನು ಓದಿ ಯಾರೂ ನಾಚಬೇಕಾದದ್ದಿಲ್ಲ. ಆರ್ತಧ್ಯಾನ ಯಾರಿಗೆ ಉಂಟಾಗುತ್ತದೆ ಎಂಬುದನ್ನೂ ಸೂತ್ರಕಾರರು ಹೇಳಿದ್ದಾರೆ. ವ್ರತವಿಲ್ಲದವರಿಗೆ, ದೇಶವ್ರತಿಗಳಾದ ಶ್ರಾವಕರಿಗೆ ಮಾತ್ರವಲ್ಲ, ಪ್ರಮತ್ತ ಸಂಯತರಾದ ಮುನಿಗಳಿಗೂ ಅದು ಪೂರ್ತಿ ತಪ್ಪಿದ್ದಲ್ಲ. ಅವರಿಗೆ ನಿದಾನವೊಂದು ಇರುವುದಿಲ್ಲ, ಅಷ್ಟೆ. ಸರ್ವಸಂಗ ಪರಿತ್ಯಾಗ ಮಾಡಿದವರಲ್ಲೂ ಇಣುಕುವ ಕಳವಳವು ಇಪ್ಪತ್ತೆರಡರ ವಿದ್ಯಾರ್ಥಿಯಲ್ಲಿ ಇಣುಕಬಾರದೆಂದು ಬಯಸುವುದು ಅತಿಯಾಸೆ. ಆ ಕಳವಳವನ್ನು ಹೊತ್ತುಕೊಂಡೇ ಹೊರಡುವಾಗ ಜೊತೆಯಲ್ಲಿ ಇನ್ನೇನನ್ನು ಒಯ್ಯಬೇಕೆಂಬುದಷ್ಟೇ ವಿಚಾರಿಸಬೇಕಾದ ಮಾತು.

1888ರಲ್ಲಿ ರಾಜಕೋಟೆಯ ಒಂದು ವೈಷ್ಣವ ಮನೆಯಲ್ಲಿ ಇದೇ ವಿಚಾರ ಎದ್ದಿತ್ತು. ಹದಿನೆಂಟರ ಹರೆಯದ ಮೋಹನದಾಸ ಕರಮಚಂದ ಗಾಂಧಿ ಬ್ಯಾರಿಸ್ಟರ್ ಆಗಲು ಇಂಗ್ಲೆಂಡಿಗೆ ಹೊರಟಿದ್ದರು. ಆ ದೇಶಕ್ಕೆ ಹೋದ ಹುಡುಗರು ದಾರಿ ತಪ್ಪುತ್ತಾರೆ, ಮಾಂಸ ಮದ್ಯಗಳಿಲ್ಲದೆ ಅಲ್ಲಿ ಬದುಕಲಾಗದು ಎಂಬ ಮಾತುಗಳು ತಾಯಿ ಪುತಲೀಬಾಯಿಯವರ ಕಿವಿಗೆ ಬಿದ್ದಿದ್ದವು. ಮಗನ ಮೇಲೆ ಆಕೆಗೆ ನಂಬಿಕೆಯಿತ್ತು; ನಂಬಿಕೆ ಸಾಲದಾಗಿದ್ದದ್ದು ಕಾಣದ ದೂರದೇಶದ ಮೇಲೆ. ಆಕೆ ಸಲಹೆ ಕೇಳಿದ್ದು ಬೇಚರಜಿ ಸ್ವಾಮಿಗಳನ್ನು. ಅವರು ಹುಟ್ಟಿನಿಂದ ಗಾಂಧಿಯವರಂತೆಯೇ ಮೋಢ ವಣಿಕರು, ಆಮೇಲೆ ಜೈನ ಮುನಿಗಳಾದವರು. ಹುಡುಗನಿಂದ ಮೂರು ಪ್ರತಿಜ್ಞೆ ಮಾಡಿಸಿ ಕಳುಹಿಸಬಹುದೆಂದು ಹೇಳಿ, ಮದ್ಯ, ಮಾಂಸ, ಸ್ತ್ರೀಸಂಗ ಇವುಗಳಿಂದ ದೂರವಿರುವ ವ್ರತವನ್ನು ಅವರೇ ಕೊಟ್ಟರು. ತಾಯಿ ಅನುಮತಿಯಿತ್ತರು.

ಮುನಿಗಳು ಕೊಟ್ಟದ್ದು ಸಮುದ್ರಯಾನಕ್ಕೆಂದು ಹೊಸದಾಗಿ ಕಟ್ಟಿದ ನಿಯಮವಲ್ಲ. ಮದ್ಯ, ಮಾಂಸ, ಮಧುಗಳ ತ್ಯಾಗ ಮತ್ತು ಐದು ಅಣುವ್ರತಗಳು ಸೇರಿ ಗೃಹಸ್ಥನ ಅಷ್ಟಮೂಲಗುಣಗಳೆಂದು ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಬೇಚರಜಿ ಸ್ವಾಮಿಗಳ ಮೂರು ಮಾತುಗಳೂ ಆ ಎಂಟರ ವ್ಯಾಪ್ತಿಯಲ್ಲಿಯೇ ಬರುತ್ತವೆ. ಮನೆಯ ಬಾಗಿಲಲ್ಲಿ ಯಾವುದು ಕನಿಷ್ಠ ಮೇರೆಯೋ ಅದೇ ಕಡಲಾಚೆಗೂ ಮೇರೆ. ಹುಡುಗನ ಕೈಗೆ ಹೊರಲಾರದ ಹೊರೆಯನ್ನು ಅವರು ಕೊಡಲಿಲ್ಲ.

ವ್ರತ ತೊಟ್ಟ ಮಾತ್ರಕ್ಕೆ ಅಳುಕು ಅಳಿಯಿತೇ ಎಂದರೆ, ಇಲ್ಲ. ಗಾಂಧೀಜಿಯವರು ಆತ್ಮಕಥೆಯಲ್ಲಿ ಇದನ್ನು ಮರೆಮಾಚಿಲ್ಲ. ಓದಿದ ಶಾಲೆಯವರು ಬೀಳ್ಕೊಡುಗೆ ಸಭೆ ಏರ್ಪಡಿಸಿದಾಗ, ಬರೆದುಕೊಂಡು ಹೋಗಿದ್ದ ನಾಲ್ಕು ಮಾತುಗಳನ್ನು ಓದಲು ನಿಂತವರಿಗೆ ತಲೆ ಸುತ್ತಿ ಮೈ ನಡುಗಿತಂತೆ. ಮುಂಬಯಿಗೆ ಬಂದರೆ ಅಲ್ಲಿ ಬೇರೆ ತೊಡಕು. ಮಳೆಗಾಲದ ಕಡಲು ಕೆರಳಿರುತ್ತದೆ, ಬಿರುಗಾಳಿಗೆ ಹಡಗೊಂದು ಮುಳುಗಿದೆ ಎಂಬ ಸುದ್ದಿ ಕೇಳಿ ಅಣ್ಣ ಹಿಂಜರಿದರು. ಪ್ರಯಾಣ ಮುಂದಕ್ಕೆ ಹೋಯಿತು. ಕಾಯುತ್ತ ಕುಳಿತ ಹುಡುಗನಿಗೆ ಹಗಲಿರುಳೂ ಇಂಗ್ಲೆಂಡಿನದೇ ಕನಸು. ಅಷ್ಟರಲ್ಲಿ ಜಾತಿಯ ಹಿರಿಯರು ಸಭೆ ಸೇರಿಸಿ, ಸಮುದ್ರ ದಾಟುವುದು ಧರ್ಮವಿರುದ್ಧವೆಂದು ತಡೆದರು. ಹುಡುಗ ಒಪ್ಪದಿದ್ದಾಗ ಬಹಿಷ್ಕಾರ ಹಾಕಿ, ಅವನಿಗೆ ನೆರವಾದವರಿಗೂ ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಸಾರಿದರು. ಮಾತನಾಡಲು ನಾಚುತ್ತಿದ್ದ ಹುಡುಗ ಆ ಸಭೆಯಲ್ಲಿ ಮಾತ್ರ ತಡವರಿಸಲಿಲ್ಲ. ತಾಯಿಯ ಅಪ್ಪಣೆಯೂ ತಾನು ತೊಟ್ಟ ಪ್ರತಿಜ್ಞೆಯೂ ಅಲ್ಲಿ ಅವನ ಬೆನ್ನಿಗಿದ್ದವು.

ಸೆಪ್ಟೆಂಬರ್ 4ರಂದು ಹಡಗು ಹೊರಟಿತು. ಜುನಾಗಢದ ಹಿರಿಯ ವಕೀಲರೊಬ್ಬರು ಅದೇ ಕೋಣೆಯಲ್ಲಿದ್ದರು. ಅವರನ್ನು ಬಿಟ್ಟರೆ ಎರಡನೆಯ ದರ್ಜೆಯಲ್ಲಿದ್ದವರೆಲ್ಲ ಇಂಗ್ಲಿಷರು. ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಕಟ್ಟಿಕೊಂಡೇ ಬಾಯಿ ತೆರೆಯಬೇಕಾದ ಸ್ಥಿತಿ. ಚಾಕು ಚಮಚಗಳ ಬಳಕೆ ತಿಳಿಯದು. ಯಾವ ಭಕ್ಷ್ಯದಲ್ಲಿ ಮಾಂಸವಿಲ್ಲವೆಂದು ಕೇಳಲು ಧೈರ್ಯ ಸಾಲದು. ಹೀಗಾಗಿ ಊಟದ ಮೇಜಿಗೆ ಹೋಗದೆ, ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನೇ ಕೋಣೆಯಲ್ಲಿ ತಿನ್ನುತ್ತ ದಿನ ಕಳೆದರು. ವ್ರತವು ಆತನ ಸಂಕೋಚವನ್ನು ಕಳೆಯಲಿಲ್ಲ; ನೋಡಿದರೆ ಇನ್ನಷ್ಟು ಹೆಚ್ಚಿಸಿತು ಎಂದೇ ಹೇಳಬೇಕು. ಆದರೆ ಒಂದು ವಿಷಯದಲ್ಲಿ ಮಾತ್ರ ಅದು ಅವರನ್ನು ದಿನದಿನದ ತರ್ಕದಿಂದ ಬಿಡಿಸಿತು. ಕರುಣೆಯುಳ್ಳ ಸಹಪ್ರಯಾಣಿಕನೊಬ್ಬ ಇಲ್ಲಿಯವರೆಗೆ ಸರಿ, ಬಿಸ್ಕೆ ಕೊಲ್ಲಿ ತಲಪಿದ ಮೇಲೆ ಮಾಂಸವಿಲ್ಲದೆ ಆಗದು ಎಂದಾಗ, ಹಾಗಾದರೆ ಹಿಂದಿರುಗಿ ಹೋಗುವೆನೇ ಹೊರತು ಮುಟ್ಟೆನು ಎಂಬ ಉತ್ತರ ಸಿದ್ಧವಾಗಿತ್ತು.

ಸಮುದ್ರ ದಾಟುವುದು ದೋಷವೇ ಎಂಬ ಪ್ರಶ್ನೆ ಜೈನ ಶ್ರಾವಕಾಚಾರದಲ್ಲಿ ಬೇರೊಂದು ರೂಪ ತಾಳುತ್ತದೆ. ಗೃಹಸ್ಥನ ಮೂರು ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿ ತಾನು ಎಲ್ಲಿಯವರೆಗೆ ಹೋಗುವೆನೆಂಬುದಕ್ಕೆ ಶ್ರಾವಕನು ತಾನೇ ಮೇರೆ ಹಾಕಿಕೊಂಡು ಜೀವಾವಧಿ ಅದನ್ನು ಪಾಲಿಸಬೇಕು. ಮೇರೆಗೆ ಗುರುತಾಗಿ ಸಮಂತಭದ್ರರು ಪ್ರಸಿದ್ಧವಾದ ಸಮುದ್ರ, ನದಿ, ಕಾಡು, ಬೆಟ್ಟ, ಜನಪದ, ಯೋಜನಗಳನ್ನು ಹೇಳುತ್ತಾರೆ. ಇಲ್ಲಿ ಕಡಲು ನಿಷೇಧವಲ್ಲ, ಒಂದು ಗುರುತು. ಮೇರೆಯ ಆಚೆಗೆ ಯಾವ ಹಿಂಸೆಗೂ ಲೋಭಕ್ಕೂ ತಾನು ಕಾರಣನಾಗುವುದಿಲ್ಲ ಎಂಬ ನಿಶ್ಚಯವೇ ವ್ರತದ ಜೀವಾಳ. ಜೈನ ವರ್ತಕರು ಎಷ್ಟು ದೂರದ ಲೋಕವನ್ನು ಬಲ್ಲವರಾಗಿದ್ದರೆಂಬುದನ್ನು ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಇಂದಿಗೂ ನೋಡಬಹುದು. ಅಲ್ಲಿನ ಶಿಲ್ಪಗಳ ನಡುವೆ ಆಫ್ರಿಕದ ಜಿರಾಫೆಯೂ ಚೀನಾದ ಡ್ರಾಗನ್ನೂ ಇವೆ. ಪಾದಯಾತ್ರೆಯ ನಿಯಮವುಳ್ಳ ಮುನಿಗಳು ಹೋಗಲಾಗದ ಕಡೆಗೆ ಗೃಹಸ್ಥರನ್ನು ಕಳುಹಿಸಿದ ನಿದರ್ಶನವೂ ಉಂಟು. 1893ರ ಶಿಕಾಗೋ ಸರ್ವಧರ್ಮ ಸಮ್ಮೇಳನದ ಆಹ್ವಾನ ಆಚಾರ್ಯ ಆತ್ಮಾರಾಮಜಿಯವರಿಗೆ ಬಂದಾಗ, ಅವರ ಪ್ರತಿನಿಧಿಯಾಗಿ ಹೋದವರು 29 ವರ್ಷದ ವೀರಚಂದ ರಾಘವಜಿ ಗಾಂಧಿ.

ದಿಗ್ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಕೊನೆಯದು ಬಹು ಸೂಕ್ಷ್ಮ. ಮೇಲಕ್ಕೆ, ಕೆಳಕ್ಕೆ, ಅಡ್ಡಕ್ಕೆ ಮೇರೆ ಮೀರುವುದು, ಆಸೆಯಿಂದ ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು ಇವೆಲ್ಲ ಆದ ಮೇಲೆ ಬರುವುದು ಸ್ಮೃತ್ಯಂತರಾಧಾನ, ಅಂದರೆ ಹಾಕಿಕೊಂಡ ಮೇರೆಯನ್ನೇ ಮರೆಯುವುದು. ದೂರದೇಶಕ್ಕೆ ಹೋದವರಲ್ಲಿ ಹಟ ಹಿಡಿದು ಮೇರೆ ಮುರಿದವರು ಕೆಲವರು. ತಾವು ಎಲ್ಲಿ ಗೆರೆ ಎಳೆದಿದ್ದೆವೆಂಬುದೇ ಮಸುಕಾಗಿ ಹೋದವರು ಬಹಳ ಮಂದಿ.

ಕಡಲಿನ ಭಯವನ್ನು ಕುರಿತು ಶ್ವೇತಾಂಬರ ಆಗಮವಾದ ಜ್ಞಾತಾಧರ್ಮಕಥೆಯ ಮಲ್ಲಿ ಅಧ್ಯಯನದಲ್ಲಿ ಒಂದು ಕಥೆಯಿದೆ. ಚಂಪಾನಗರದ ಅರ್ಹನ್ನಕನೆಂಬ ಶ್ರಾವಕ ಇತರ ವರ್ತಕರೊಡನೆ ಹಡಗೇರಿ ಹೊರಡುತ್ತಾನೆ. ನಡುಗಡಲಲ್ಲಿ ದೇವನೊಬ್ಬ ಭೀಕರ ಪಿಶಾಚರೂಪ ತಾಳಿ ಎದುರಾಗುತ್ತಾನೆ. ಉಳಿದ ವರ್ತಕರು ನಡುಗಿ, ಒಬ್ಬರನ್ನೊಬ್ಬರು ತಬ್ಬಿಕೊಂಡು, ತಮಗೆ ನೆನಪಿಗೆ ಬಂದ ದೇವರಿಗೆಲ್ಲ ಹರಕೆ ಹೊರುತ್ತಾರೆ. ಅರ್ಹನ್ನಕನು ಬಟ್ಟೆಯ ಅಂಚಿನಿಂದ ಕುಳಿತುಕೊಳ್ಳುವಷ್ಟು ಜಾಗವನ್ನು ಮೆಲ್ಲಗೆ ಶುದ್ಧಿಮಾಡಿ ಕೂರುತ್ತಾನೆ. ಈ ಉಪಸರ್ಗದಿಂದ ಬಿಡುಗಡೆಯಾದರೆ ಆಹಾರ ಸ್ವೀಕರಿಸುವೆ, ಇಲ್ಲವಾದರೆ ಅದು ತನಗೆ ತ್ಯಾಜ್ಯ ಎಂದು ಸಂಕಲ್ಪ ಮಾಡುತ್ತಾನೆ. ವ್ರತಗಳನ್ನು ಬಿಡು, ಇಲ್ಲವಾದರೆ ಹಡಗನ್ನು ಎತ್ತಿ ಮುಳುಗಿಸುವೆ ಎಂದು ಪಿಶಾಚ ಗರ್ಜಿಸುತ್ತದೆ. ಅವನು ಕದಲುವುದಿಲ್ಲ. ಕೊನೆಗೆ ದೇವನೇ ನಿಜರೂಪ ತೋರಿ, ಕ್ಷಮೆ ಕೇಳಿ, ಎರಡು ಜೊತೆ ಕುಂಡಲಗಳನ್ನು ಕೊಟ್ಟು ಹೋಗುತ್ತಾನೆ. ಕುಂಡಲಗಳಿಗಿಂತ ಮನಸ್ಸಿನಲ್ಲಿ ನಿಲ್ಲುವುದು ಆ ಬಟ್ಟೆಯ ಅಂಚು. ಹಡಗು ಮುಳುಗುವ ಹೊತ್ತಿನಲ್ಲೂ ಕೂರುವ ಜಾಗದಲ್ಲಿ ಇರುವೆಯೊಂದು ಇದ್ದೀತೆಂದು ನೋಡುವ ಅಭ್ಯಾಸ ಅವನದು. ದಿನವೂ ಮಾಡುತ್ತಿದ್ದುದನ್ನೇ ಅವನು ಅಂದೂ ಮಾಡಿದ.

ಲಂಡನ್ನಿನಲ್ಲಿ ಗಾಂಧಿಯವರಿಗೆ ಎದುರಾದದ್ದು ಪಿಶಾಚವಲ್ಲ, ಹಸಿವು ಮತ್ತು ಒಂಟಿತನ. ರಾತ್ರಿಯಾದರೆ ಮನೆ, ತಾಯಿಯ ನೆನಪು; ಕಣ್ಣೀರು ತಾನಾಗಿ ಹರಿಯುತ್ತಿತ್ತು. ಉಪ್ಪು ಖಾರವಿಲ್ಲದೆ ಬೇಯಿಸಿದ ತರಕಾರಿ ಬಾಯಿಗೆ ಹತ್ತದು. ಇನ್ನೊಂದು ತುಂಡು ರೊಟ್ಟಿ ಕೇಳಲು ನಾಚಿಕೆ. ಓದು ಬಾರದ ತಾಯಿಯ ಮುಂದೆ ಮಾಡಿದ ಪ್ರತಿಜ್ಞೆಗೆ ಏನು ಬೆಲೆ ಎಂದು ಗೆಳೆಯನೊಬ್ಬ ದಿನವೂ ವಾದಿಸಿದ. ವಾದದಲ್ಲಿ ಗೆಲ್ಲಲು ಆತನಿಗೆ ಆಗಲಿಲ್ಲ; ಪ್ರತಿಜ್ಞೆ ಪ್ರತಿಜ್ಞೆಯೇ ಎಂದಷ್ಟೇ ಹೇಳಿದರು. ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದು ಸಸ್ಯಾಹಾರದ ಊಟದ ಮನೆ ಹುಡುಕಿದರು. ಕಡೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಅದು ಸಿಕ್ಕಿದ ದಿನ, ಇಂಗ್ಲೆಂಡಿಗೆ ಬಂದ ಮೇಲೆ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡರು. ಅಲ್ಲಿಯೇ ಒಂದು ಶಿಲಿಂಗಿಗೆ ಕೊಂಡ ಹೆನ್ರಿ ಸಾಲ್ಟ್‌ರ ಪುಸ್ತಕವನ್ನು ಓದಿದ ಮೇಲೆ, ಅದುವರೆಗೆ ತಾಯಿಗಾಗಿ ಪಾಲಿಸುತ್ತಿದ್ದುದು ಅವರ ಸ್ವಂತ ನಿಲುವಾಯಿತು.

ನಡುವೆ ಒಂದು ಜಾರುವಿಕೆಯೂ ನಡೆಯಿತು. ಮೊಟ್ಟೆ ಮಾಂಸವಲ್ಲ ಎಂಬ ಅರ್ಥ ಅಲ್ಲಿ ಕೆಲವರಲ್ಲಿ ಬಳಕೆಯಲ್ಲಿತ್ತು. ಅದನ್ನು ನಂಬಿ ಕೆಲವು ದಿನ ಮೊಟ್ಟೆ ತಿಂದರು. ಬಳಿಕ, ಪ್ರತಿಜ್ಞೆ ಮಾಡಿಸಿದ ತಾಯಿಯ ಮನಸ್ಸಿನಲ್ಲಿ ಮಾಂಸವೆಂದರೆ ಏನಿತ್ತೋ ಅದೇ ತನಗೆ ಕಟ್ಟಳೆ ಎಂದು ತೀರ್ಮಾನಿಸಿ ಅದನ್ನೂ ಬಿಟ್ಟರು. ಮೇರೆಯು ಮಸುಕಾದಾಗ ಅದನ್ನು ಮತ್ತೆ ಹುಡುಕಿ ಗುರುತಿಸಿದ ಬಗೆ ಇದು.

ಈಗಿನ ಪ್ರಯಾಣಿಕನಿಗೆ ಅಷ್ಟು ಕಷ್ಟವಿಲ್ಲ. ಸಾಮಾನ್ಯವಾಗಿ ಒಂದು ದಿನ ಮೊದಲೇ ತಿಳಿಸಿದರೆ ಹಲವು ವಿಮಾನ ಸಂಸ್ಥೆಗಳು ಗಡ್ಡೆಗೆಣಸಿಲ್ಲದ ಜೈನ ಊಟವನ್ನೇ ಕೊಡುತ್ತವೆ. ಇಂಗ್ಲೆಂಡಿನ ಲೆಸ್ಟರ್ ನಗರದ ಜೈನ ಮಂದಿರದಲ್ಲಿ ದಿಗಂಬರ, ಶ್ವೇತಾಂಬರ, ಸ್ಥಾನಕವಾಸಿಗಳಿಗೆ ಒಂದೇ ಸೂರಿನಡಿ ನೆಲೆಯಿದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಸಿದ್ಧಾಚಲಂ ಇದೆ. ಆದರೂ ನಿಲ್ದಾಣದಲ್ಲಿ ಕಣ್ಣೀರಿನ ನಡುವೆ ಮಕ್ಕಳಿಂದ ಹತ್ತು ನಿಯಮಗಳಿಗೆ ತಲೆಯಾಡಿಸಿಕೊಳ್ಳುವ ಹಿರಿಯರು ಒಂದು ಕ್ಷಣ ಯೋಚಿಸುವುದು ಒಳ್ಳೆಯದು. ರಾತ್ರಿಭೋಜನ ತ್ಯಾಗವನ್ನೇ ನೋಡಿದರೆ, ಲಂಡನ್ನಿನಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೂ ಮೊದಲು. ಐದರವರೆಗೆ ತರಗತಿಯಿರುವ ವಿದ್ಯಾರ್ಥಿ ಏನು ಮಾಡಬೇಕೆಂಬುದನ್ನು ಮನೆಯಲ್ಲಿ ಕುಳಿತು, ಸಾಧ್ಯವಾದರೆ ಸ್ವಾಧ್ಯಾಯ ಮಾಡಿದ ಹಿರಿಯರನ್ನು ಕೇಳಿ, ಮೊದಲೇ ನಿರ್ಧರಿಸಬೇಕು. ತೀರ್ಥಂಕರತ್ವಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿಯೂ ತ್ಯಾಗ, ತಪಗಳ ಹಿಂದೆ ಶಕ್ತಿಗೆ ಅನುಸಾರವಾಗಿ ಎಂಬ ಮಾತನ್ನು ಆಚಾರ್ಯರು ಬಿಡದೆ ಸೇರಿಸಿದ್ದಾರೆ. ಪಾಲಿಸಬಲ್ಲ ಎರಡು ನಿಯಮಗಳು ಸಾಕು, ಆದರೆ ಅವು ಸ್ಪಷ್ಟವಾಗಿರಬೇಕು.

ಹೊಸ ಊರಿನ ಮೊದಲ ವಾರ ದೇಶವ್ರತವೂ ಒದಗಿ ಬರುತ್ತದೆ. ದಿಗ್ವ್ರತದ ದೊಡ್ಡ ಮೇರೆಯೊಳಗೆ ಒಂದು ದಿನಕ್ಕೋ ಒಂದು ಪಕ್ಷಕ್ಕೋ ಇಂತಿಷ್ಟೇ ಮನೆ, ಬೀದಿ, ಊರು ಎಂದು ಚಿಕ್ಕ ಗೆರೆ ಎಳೆದುಕೊಳ್ಳುವುದು ದೇಶವ್ರತ. ಇಡೀ ಮಹಾನಗರವನ್ನು ನೆನೆದು ಎದೆ ನಡುಗುವವರಿಗೆ, ಇಂದು ವಿದ್ಯಾಲಯ ಮತ್ತು ತರಕಾರಿ ಅಂಗಡಿ, ಇನ್ನೆಲ್ಲಿಗೂ ಇಲ್ಲ ಎಂಬ ಗೆರೆ ಬಹಳ ದೊಡ್ಡ ಆಸರೆ. ಸಂಜೆ ನಲವತ್ತೆಂಟು ನಿಮಿಷದ ಸಾಮಾಯಿಕ. ಅದಕ್ಕೆ ಬಸದಿ ಬೇಕಿಲ್ಲ, ಬಾಡಿಗೆ ಕೋಣೆಯ ಒಂದು ಮೂಲೆ ಸಾಕು. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಏಕತ್ವವೂ ಒಂದು. ಜೀವ ಒಂಟಿಯಾಗಿಯೇ ಬಂದಿದೆ, ಒಂಟಿಯಾಗಿಯೇ ಹೋಗುವುದು ಎಂಬ ಆ ಚಿಂತನೆಯನ್ನು ಊರಿನಲ್ಲಿ ನಾಲ್ಕು ಜನರ ನಡುವೆ ಕುಳಿತು ಓದುವುದಕ್ಕೂ, ಅಪರಿಚಿತ ಊರಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಓದುವುದಕ್ಕೂ ವ್ಯತ್ಯಾಸವಿದೆ. ಹೊರಡುವ ಮುನ್ನ ಮನೆಯವರೆಲ್ಲ ಒಬ್ಬರನ್ನೊಬ್ಬರು ಕ್ಷಮೆ ಕೇಳಿಕೊಂಡರೆ ಪರ್ವದ ಕೊನೆಯ ಕ್ಷಮಾವಣಿ ಕೆಲವು ದಿನ ಮೊದಲೇ ಆದಂತೆ. ಪೆಟ್ಟಿಗೆ ತುಂಬುವ ಗಡಿಬಿಡಿಯಲ್ಲಿ ಆಡಿದ ಬಿರುಸು ಮಾತುಗಳಿಗಾದರೂ ಅದು ಅಗತ್ಯ.

ಗಾಂಧಿಯವರು 1891ರ ಜುಲೈಯಲ್ಲಿ ಮುಂಬಯಿಗೆ ಮರಳಿದರು. ತಾಯಿಯನ್ನು ಕಾಣಬೇಕೆಂದು ತವಕಿಸಿ ಬಂದವರಿಗೆ ಅಣ್ಣ ಆಕೆ ತೀರಿಹೋದ ಸುದ್ದಿ ಹೇಳಿದರು. ಪರದೇಶದಲ್ಲಿ ಒಂಟಿಯಾಗಿರುವ ತಮ್ಮನಿಗೆ ಆಘಾತವಾದೀತೆಂದು ಅದುವರೆಗೆ ಮುಚ್ಚಿಟ್ಟಿದ್ದರು. ಮೂರು ವರ್ಷ ಯಾರ ಮುಂದೆ ಆಡಿದ ಮಾತನ್ನು ಕಾದಿದ್ದರೋ ಅವರು ಇರಲಿಲ್ಲ. ಲಂಡನ್ನಿನಲ್ಲಿ ಮೊದಲ ದಿನಗಳಲ್ಲಿ ಕೈಹಿಡಿದಿದ್ದ ಡಾಕ್ಟರ್ ಪ್ರಾಣಜೀವನ ಮೆಹತಾ ತಮ್ಮ ಬಂಧುವೊಬ್ಬರನ್ನು ಆಗಲೇ ಪರಿಚಯಿಸಿದರು. ಅವರು ಜೈನ ಶ್ರಾವಕರು, ಮುತ್ತುರತ್ನಗಳ ವ್ಯಾಪಾರಿ, ಶತಾವಧಾನಿ ಎಂದು ಹೆಸರಾದ ಕವಿ ರಾಯಚಂದಭಾಯಿ. ವಯಸ್ಸು ಇಪ್ಪತ್ತೈದನ್ನು ದಾಟಿರಲಿಲ್ಲ. ಅವರ ನೆನಪಿನ ಶಕ್ತಿಯನ್ನು ಪರೀಕ್ಷಿಸಲು ಗಾಂಧಿಯವರು ತಾವು ಕಲಿತುಬಂದ ಯೂರೋಪಿನ ಭಾಷೆಗಳ ಶಬ್ದಗಳನ್ನೆಲ್ಲ ಮುಗಿಯುವವರೆಗೆ ಹೇಳಿದರು. ಕಡಲು ದಾಟದ ರಾಯಚಂದಭಾಯಿ ಅವನ್ನೆಲ್ಲ ಅದೇ ಕ್ರಮದಲ್ಲಿ ತಿರುಗಿ ಹೇಳಿದರು. ಗಾಂಧಿಯವರಿಗೆ ಅಸೂಯೆಯಾಯಿತಂತೆ. ಆದರೆ ಅವರ ಮನಸ್ಸನ್ನು ಸೆರೆಹಿಡಿದದ್ದು ಆ ಶಕ್ತಿಯಲ್ಲ, ಆಮೇಲಿನ ದಿನಗಳಲ್ಲಿ ಅಂಗಡಿಯಲ್ಲಿ ಕಂಡ ನೋಟ. ಲಕ್ಷಗಟ್ಟಲೆಯ ವ್ಯವಹಾರದ ಮಾತು ಮುಗಿದ ಕ್ಷಣವೇ ರಾಯಚಂದಭಾಯಿ ಪಕ್ಕದಲ್ಲಿದ್ದ ಧರ್ಮಗ್ರಂಥವನ್ನೋ ತಮ್ಮ ದಿನಚರಿಯ ಪುಸ್ತಕವನ್ನೋ ಬಿಚ್ಚಿಕೊಂಡು ಬರೆಯತೊಡಗುತ್ತಿದ್ದರು.